ಮೂರು ಕಪ್ಪು ಗೆದ್ದ ತಂಡ ಮರುವರ್ಷ ಮಕಾಡೆ ಮಲಗಿದ್ದೇಕೆ?

ಆಟದ ಮಾತು: ಓದುಗರ ಪ್ರಶ್ನೆ, ಡ್ರಿಲ್ ಮೇಷ್ಟ್ರ ಉತ್ತರ

ಹಾಸನ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು ಈ ಅಂಕಣ ಬರೆಯುತ್ತಾರೆ. ಈ ತಿಂಗಳು ರಗ್ಬಿ ಬಗ್ಗೆಯೇ ಕಾಗದಗಳು ಜಾಸ್ತಿ ಬಂದಿವೆ.

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಇಂಗ್ಲೆಂಡಿನ ಲೀಡ್ಸ್ ಊರಿಗೆ ಹೋಗಿ ಹತ್ತು ವರ್ಷದ ಮೇಲಾಯಿತು. ಈ ಸಲ ರಜೆಗೆ ಬಂದವನು ಕ್ರಿಕೆಟ್ ಮಾತೇ ಎತ್ತಲಿಲ್ಲ. ಬರೀ ರಗ್ಬಿ ಲೀಗ್, ಲೀಡ್ಸ್ ರೈನೋಸ್. 'ನಮ್ಮ ಟೀಮು 2015ರಲ್ಲಿ ಮೂರು ಕಪ್ಪು ಹೊಡೀತು, 2016ರಲ್ಲಿ ಮುಳುಗೋ ಹಂಗಾಯ್ತು, 2017ರಲ್ಲಿ ಮತ್ತೆ ಗೆದ್ದಿತು' ಅಂತಾನೆ. ನಮ್ಮ ಮನೆಯವರು 'ಯಾರದೋ ದೃಷ್ಟಿ ತಾಗಿರಬೇಕು' ಅಂದರು. ಅವನ ಫೋನಿನಲ್ಲಿ ನಾನೂ ಒಂದು ಮ್ಯಾಚ್ ನೋಡಿದೆ. ಒಬ್ಬರ ಮೇಲೊಬ್ಬರು ಬೀಳುವುದು ಬಿಟ್ಟರೆ ಏನೂ ತಿಳಿಯಲಿಲ್ಲ. ಏನಿದು ಆಟ? ಒಂದೇ ತಂಡ ಹೀಗೆ ಹತ್ತಿ, ಇಳಿದು, ಮತ್ತೆ ಹತ್ತುವುದು ಹೇಗೆ?
(ಒಬ್ಬ ಕಾಫಿ ಬೆಳೆಗಾರರು, ಬೇಲೂರು)

ಉತ್ತರ: ಯಜಮಾನರೇ, ಮೊದಲು ಆಟ. ನೀವು ಕಬಡ್ಡಿ ನೋಡಿದವರು ಅಂದುಕೊಂಡು ಹೇಳುತ್ತೇನೆ. ರೈಡರ್ ಒಳಗೆ ಬರುತ್ತಾನೆ, ಎದುರಿನವರು ಹಿಡಿದು ಕೆಡವುತ್ತಾರೆ, ಅಲ್ವಾ? ಆ ರೈಡರ್ ಕೈಗೆ ಮೊಟ್ಟೆಯಾಕಾರದ ಒಂದು ಚೆಂಡು ಕೊಡಿ. ಎದುರಿಗೆ 13 ಜನ ನಿಲ್ಲಿಸಿ, ಇವನ ಕಡೆಯೂ 13 ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಮುಂದಕ್ಕೆ ಹೋಗಬೇಕು ಅಂದರೆ ಓಡಬೇಕು, ಇಲ್ಲಾ ಒದೆಯಬೇಕು.

ಕೆಡವಿದ ಕೂಡಲೇ ಚೆಂಡು ಕೈ ತಪ್ಪುವುದಿಲ್ಲ. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಲ್ಲಿ ಹಿಂದಕ್ಕೆ ಉರುಳಿಸುತ್ತಾನೆ. ಹಿಂದಿದ್ದವನು ಎತ್ತಿಕೊಂಡು ಮತ್ತೆ ನುಗ್ಗುತ್ತಾನೆ. ಆರನೇ ಸಲವೂ ಬಿದ್ದರೆ ಮಾತ್ರ ಚೆಂಡು ಎದುರಾಳಿಗೆ. ಅದಕ್ಕೇ ಐದು ಸಲ ಬಿದ್ದ ಮೇಲೆ ಸಾಮಾನ್ಯವಾಗಿ ದೂರಕ್ಕೆ ಒದ್ದುಬಿಡುತ್ತಾರೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, 4 ಅಂಕ. ಆಮೇಲೆ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೆರಡು. 40 ನಿಮಿಷದ ಎರಡು ಅವಧಿ. ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದು ನೋಡ್ತಾ ನೋಡ್ತಾ ಬರುತ್ತೆ.

ಇನ್ನು ಲೀಡ್ಸ್. ನಮ್ಮವರು ಟೆಸ್ಟ್ ಆಡುವ ಹೆಡಿಂಗ್ಲಿ ಗೊತ್ತಲ್ಲ? ಆ ಕ್ರಿಕೆಟ್ ಮೈದಾನದ ಬೆನ್ನಿಗೇ ಇವರ ರಗ್ಬಿ ಮೈದಾನ. ಎರಡರ ನಡುವೆ ಒಂದೇ ಸ್ಟ್ಯಾಂಡು. ಈ ಕಡೆ ತಿರುಗಿ ಕೂತರೆ ಕ್ರಿಕೆಟ್, ಆ ಕಡೆ ತಿರುಗಿ ಕೂತರೆ ರಗ್ಬಿ.

2015ರಲ್ಲಿ ಈ ತಂಡ ಮುಟ್ಟಿದ್ದೆಲ್ಲ ಚಿನ್ನವಾಯಿತು. ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಚಾಲೆಂಜ್ ಕಪ್ ಅನ್ನುವ ನಾಕೌಟ್ ಟೂರ್ನಿಯ ಫೈನಲ್. ಹಲ್ ಕೆ.ಆರ್. (ಹಲ್ ಕಿಂಗ್‌ಸ್ಟನ್ ರೋವರ್ಸ್) ತಂಡವನ್ನು 50-0ಯಿಂದ ಬಡಿದರು. ಟಾಮ್ ಬ್ರಿಸ್ಕೋ ಅನ್ನುವವನೊಬ್ಬನೇ ಐದು ಟ್ರೈ. ಸೆಪ್ಟೆಂಬರ್‌ನಲ್ಲಿ ಲೀಗ್ ಪಟ್ಟಿಯ ಮೊದಲ ಸ್ಥಾನದ ಶೀಲ್ಡ್. ಅದು ಸಿಕ್ಕಿದ್ದು ಹಡರ್ಸ್‌ಫೀಲ್ಡ್‌ನಲ್ಲಿ, ಕೊನೇ ಮ್ಯಾಚಿನ ಕೊನೇ ಕ್ಷಣದಲ್ಲಿ. ಮುಗಿಯುವ ಸದ್ದು ಬರುವ ಹೊತ್ತಿಗೆ ರಯಾನ್ ಹಾಲ್ ಚೆಂಡನ್ನು ಗೆರೆಯಾಚೆ ಊರಿದ. ಅಕ್ಟೋಬರ್ 10ಕ್ಕೆ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಗ್ರ್ಯಾಂಡ್ ಫೈನಲ್, ಅಂದರೆ ಪಟ್ಟಿಯ ಮೇಲಿನ ತಂಡಗಳು ಮತ್ತೆ ಸೆಣಸಿ ಲೀಗಿನ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯ. ಅಲ್ಲಿ ವಿಗನ್ ತಂಡದ ಮೇಲೆ 22-20. ಮೂರಕ್ಕೆ ಮೂರು.

ನಿಮ್ಮ ಮನೆಯವರಿಗೆ ಹೇಳಿ, ದೃಷ್ಟಿ ಅಲ್ಲ. ತಂಡ ಸೋತ ಕೂಡಲೇ ಗ್ರಹಚಾರ ಅನ್ನುವುದು ನನಗೆ ಆಗದ ಮಾತು. ಕೂತು ಹುಡುಕಿದರೆ ಕಾರಣ ಸಿಗುತ್ತೆ.

ಮೊದಲನೆಯದು, ಆ ಫೈನಲ್ ಮುಗಿದ ದಿನವೇ ಮೂವರು ಹಳಬರು ಹೊರಟರು. ನಾಯಕ ಕೆವಿನ್ ಸಿನ್‌ಫೀಲ್ಡ್ 15 ಜನ ಆಡುವ ಇನ್ನೊಂದು ಬಗೆಯ ರಗ್ಬಿಗೆ ಹೋದ. ಜೇಮಿ ಪೀಕಾಕ್ ಮತ್ತು ಕೈಲಿ ಲೆಯುಲುವಾಯ್ ಆಟ ನಿಲ್ಲಿಸಿದರು. ಅವರಿಬ್ಬರೂ ಮುಂದಿನ ಸಾಲಿನ ಆಳುಗಳು. ಎದುರಾಳಿಗೆ ಮೊದಲು ಎದೆ ಕೊಡುವವರು ಅವರೇ. ಪೇಪರಿನಲ್ಲಿ ಟ್ರೈ ಹೊಡೆದವರ ಹೆಸರು ಬರುತ್ತೆ. ಆ ಟ್ರೈಗೆ ದಾರಿ ಮಾಡಿಕೊಡಲು ಇಪ್ಪತ್ತು ಸಲ ಬಿದ್ದೆದ್ದವನ ಹೆಸರು ಬರಲ್ಲ.

ಎರಡನೆಯದು ನೀರು. ಅದೇ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಮಾರನೇ ದಿನ, ಏರ್ ನದಿ ಉಕ್ಕಿ ಬಂತು. ಕರ್ಕ್‌ಸ್ಟಾಲ್ ಎಂಬಲ್ಲಿರುವ ಇವರ ತರಬೇತಿ ಮೈದಾನ ಮುಳುಗಿತು. ಸೀಸನ್ ಶುರುವಾಗುವುದು ಫೆಬ್ರವರಿಯಲ್ಲಿ. ಮೈ ಹದ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಂಗಳ ಇಲ್ಲ. ಇವತ್ತು ಅಲ್ಲಿ, ನಾಳೆ ಇಲ್ಲಿ ಅಂತ ಮೈದಾನ ಕೇಳಿಕೊಂಡು ಅಲೆದರು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತೆ. ನಮ್ಮ ಶಾಲೆಯ ಕಬಡ್ಡಿ ಹುಡುಗರು ಒಂದು ವರ್ಷ ಜಿಲ್ಲಾ ಮಟ್ಟ ಗೆದ್ದು ವಿಭಾಗ ಮಟ್ಟಕ್ಕೆ ಹೋದರು. ಮರುವರ್ಷ ಹೋಬಳಿ ಮಟ್ಟದಲ್ಲೇ ಮನೆಗೆ. ಊರೆಲ್ಲ ಬೆರಗಾಯಿತು. ನನಗೆ ಬೆರಗೇನೂ ಆಗಲಿಲ್ಲ. ಮೂವರು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು. ಅದರಲ್ಲಿ ಒಬ್ಬ ಬಲ ಮೂಲೆಯವನು. ರೈಡರ್ ಪಾದ ತಿರುಗಿಸುವುದನ್ನೇ ಕಾಯುತ್ತಿದ್ದ. ಹಿಮ್ಮಡಿ ಎದ್ದ ಕ್ಷಣ ಕಾಲಿನ ಗಂಟಿಗೆ ಕೈ ಹಾಕಿದರೆ ಮುಗಿಯಿತು, ಬಿಡುತ್ತಿರಲಿಲ್ಲ. ಅವನ ಜಾಗದಲ್ಲಿ ನಿಲ್ಲಿಸಿದ ಹುಡುಗನೂ ಹಿಡಿಯುತ್ತಿದ್ದ, ಆದರೆ ಅರ್ಧ ಕ್ಷಣ ತಡ. ಅಷ್ಟರಲ್ಲಿ ರೈಡರ್ ನಡುಗೆರೆ ಮುಟ್ಟಿಯಾಗಿರುತ್ತಿತ್ತು. ಮೇಲೆ ಆ ವರ್ಷದ ಮಳೆ. ಆಟೋಟ ನಡೆಯುವುದೇ ಜುಲೈ-ಆಗಸ್ಟ್‌ನಲ್ಲಿ. ಸಾ ಮಿಲ್ಲಿನಿಂದ ಮರದ ಹೊಟ್ಟು ತಂದು ಕೋರ್ಟಿಗೆ ಹರಡಿದರೆ ಬೆಳಿಗ್ಗೆ ಹೊಟ್ಟೆಲ್ಲ ಬೇಲಿ ಪಕ್ಕ ತೇಲಿ ನಿಂತಿರುತ್ತಿತ್ತು. ವೆರಾಂಡದಲ್ಲಿ ಬಸ್ಕಿ ಹೊಡೆಸಿದೆ. ಬಸ್ಕಿಯಿಂದ ತೊಡೆ ಬಲಿಯಬಹುದು, ಹಿಡಿತ ಬರುತ್ತಾ? ಹಾಸನಾಂಬೆಗೆ ಹರಕೆ ಹೊತ್ತುಕೊಳ್ಳಿ ಅಂದರು. ಹೊತ್ತುಕೊಂಡೆ, ಅದು ಬೇರೆ ವಿಷಯ.

ಲೀಡ್ಸ್ 2016ರಲ್ಲಿ 12 ತಂಡಗಳಲ್ಲಿ 9ನೇ ಸ್ಥಾನಕ್ಕೆ ಬಂತು. ಆಗಿನ ಕಟ್ಟಳೆ ಹೇಗಿತ್ತೆಂದರೆ, ಕೆಳಗಿನ ನಾಲ್ಕು ತಂಡಗಳು ಕೆಳ ದರ್ಜೆಯ ಮೇಲಿನ ನಾಲ್ಕು ತಂಡಗಳ ಜೊತೆ ಮತ್ತೆ ಆಡಬೇಕು. ಅಲ್ಲಿ ಸೋತರೆ ಕೆಳ ದರ್ಜೆಗೆ ಬೀಳಬೇಕು. ಹಿಂದಿನ ವರ್ಷ ಮೂರು ಕಪ್ಪು ಎತ್ತಿದವರು ಈ ವರ್ಷ ಉಳಿದರೆ ಸಾಕು ಅಂತ ಆಡಿದರು. ಆ ಎಂಟರಲ್ಲಿ ಮೊದಲಿಗರಾಗಿ ಉಳಿದುಕೊಂಡರು ಅನ್ನಿ.

2017 ಶುರುವಾದಾಗಲೂ ಸುಖವಿರಲಿಲ್ಲ. ಮಾರ್ಚ್‌ನಲ್ಲಿ ಕ್ಯಾಸಲ್‌ಫರ್ಡ್ ಎಂಬ ಸಣ್ಣ ಊರಿನ ತಂಡ ಇವರನ್ನು 66-10ರಿಂದ ಅರೆದು ಹಾಕಿತು. ಆ ವರ್ಷ ಲೀಗ್ ಪಟ್ಟಿಯಲ್ಲಿ ಕ್ಯಾಸಲ್‌ಫರ್ಡ್ ಮೊದಲು, ಲೀಡ್ಸ್ ಎರಡನೆಯದು. ನಡುವೆ 10 ಅಂಕದ ಅಂತರ. ಅಕ್ಟೋಬರ್ 7ರ ಗ್ರ್ಯಾಂಡ್ ಫೈನಲ್‌ನಲ್ಲಿ ಅದೇ ಇಬ್ಬರು ಎದುರಾದರು. ಲೀಡ್ಸ್ 24, ಕ್ಯಾಸಲ್‌ಫರ್ಡ್ 6! ಡ್ಯಾನಿ ಮೆಗ್ವೈರ್ ಎರಡು ಟ್ರೈ ಹೊಡೆದ. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಕಂಬದ ನಡುವೆ ಒದೆಯುವ ಡ್ರಾಪ್ ಗೋಲೂ ಎರಡು. ಲೀಡ್ಸ್ ಅಂಗಿಯಲ್ಲಿ ಅದು ಅವನ ಕೊನೇ ಮ್ಯಾಚು. ಕ್ಯಾಸಲ್‌ಫರ್ಡ್‌ಗೂ ಒಂದು ಪೆಟ್ಟು ಬಿದ್ದಿತ್ತು. ಅವರ ಮುಖ್ಯ ಆಟಗಾರನೊಬ್ಬ ಡ್ರಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಫೈನಲ್‌ಗೆ ಎರಡು ದಿನ ಇದೆ ಅನ್ನುವಾಗ ತಂಡದಿಂದ ಹೊರಗಾದ. ನೋಡಿ, ಅಲ್ಲೂ ಕಾರಣ ಕಣ್ಣಿಗೆ ಕಾಣುತ್ತೆ.

ನಿಮ್ಮ ಮಗ ಮುಂದಿನ ಸಲ ಬಂದಾಗ ಆ 66-10 ನೆನಪಿದೆಯಾ ಕೇಳಿ. ಕಪ್ಪಿನ ಕಥೆ ಎಲ್ಲರೂ ಹೇಳ್ತಾರೆ. ಆ ರಾತ್ರಿಯ ಕಥೆ ಹೇಳಿದರೆ ಹುಡುಗ ನಿಜವಾದ ಅಭಿಮಾನಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ರಗ್ಬಿ ಆಡುವವರು ಏಳೇ ಜನ. ಟಿವಿಯಲ್ಲಿ ಇನ್ನೊಂದು ಕಡೆ 15 ಜನ. ನೀವು ಹೋದ ತಿಂಗಳು 13 ಅಂತ ಬರೆದಿದ್ದಿರಿ. ಯಾವುದು ಸರಿ?
(ಎಸ್ಟೇಟ್ ರೈಟರ್, ಸಕಲೇಶಪುರ)

ಉತ್ತರ: ಮೂರೂ ಸರಿ. 15 ಜನರದ್ದು ರಗ್ಬಿ ಯೂನಿಯನ್, ಏಳು ಜನರದ್ದು ಅದರದೇ ಚುಟುಕು ಆಟ. 13 ಜನರದ್ದು ರಗ್ಬಿ ಲೀಗ್. ಅದು ಜಗಳದಿಂದ ಹುಟ್ಟಿದ್ದು.

ನಿಮಗೆ ಬೇಗ ಅರ್ಥವಾಗುತ್ತೆ, ಮಸ್ಟರ್ ರೋಲ್ ಬರೆಯುವವರು ನೀವು. ಒಂದು ದಿನ ಕೆಲಸಕ್ಕೆ ಬರದಿದ್ದರೆ ಆ ದಿನದ ಕೂಲಿ ಇಲ್ಲ, ಅಲ್ವಾ? ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಕಲ್ಲಿದ್ದಲು ಗಣಿಯವರು, ಬಟ್ಟೆ ಗಿರಣಿಯವರು ಜಾಸ್ತಿ. ಶನಿವಾರ ಆಡಲು ಹೋದರೆ ಕೂಲಿ ಖೋತಾ. ಕಳೆದುಕೊಂಡ ಕೂಲಿಯನ್ನಾದರೂ ಕ್ಲಬ್ಬು ತುಂಬಿಕೊಡಲಿ ಅಂದರು. ಆಟವನ್ನು ಆಳುತ್ತಿದ್ದ ದೊಡ್ಡವರು, ದುಡ್ಡಿಗಾಗಿ ಆಡುವುದು ಮರ್ಯಾದೆಯಲ್ಲ ಅಂದರು. ಹೊಟ್ಟೆ ತುಂಬಿದವರ ಮಾತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. 1906ರಲ್ಲಿ ಇಬ್ಬರನ್ನು ಕಳೆದು 13 ಮಾಡಿಕೊಂಡರು. ಮೈದಾನದಲ್ಲಿ ಜಾಗ ಸಿಕ್ಕಿ ಆಟ ಬಿರುಸಾಯಿತು, ನೋಡುವವರು ಬಂದರು.

ಪ್ರಶ್ನೆ: ಸಾರ್, ನಾನು ಒಂಬತ್ತನೇ ಕ್ಲಾಸು. ಕುಳ್ಳಗಿದ್ದೇನೆ ಅಂತ ಕಬಡ್ಡಿ ಟೀಮಿಗೆ ಸೇರಿಸಿಕೊಳ್ಳುತ್ತಿಲ್ಲ. ಬರೀ ನೀರಿನ ಬಾಟ್ಲಿ ಹಿಡಿಸ್ತಾರೆ. ಏನು ಮಾಡಲಿ?
(ಒಬ್ಬ ಹುಡುಗ, ಚಿಕ್ಕಮಗಳೂರು)

ಉತ್ತರ: ತಮ್ಮಾ, ಮೇಲೆ ಬರೆದ ಲೀಡ್ಸ್ ತಂಡದಲ್ಲಿ ರಾಬ್ ಬರೋ ಅಂತ ಒಬ್ಬನಿದ್ದ. ಎತ್ತರ 5 ಅಡಿ 5 ಅಂಗುಲ. ಸುತ್ತ ಇದ್ದವರಲ್ಲಿ ಬಹಳ ಜನ ಆರಡಿ ಮೇಲೆ, ನೂರು ಕಿಲೋ ತೂಗುವವರು. ಚಿಕ್ಕವನು, ಪೆಟ್ಟು ತಡೆಯಲ್ಲ ಅಂತ ಅವನಿಗೂ ಹೇಳಿದವರಿದ್ದರು. ಲೀಡ್ಸ್ ಪರವಾಗಿ ಐನೂರರ ಹತ್ತಿರ ಮ್ಯಾಚು ಆಡಿದ. ಎಂಟು ಗ್ರ್ಯಾಂಡ್ ಫೈನಲ್ ಗೆದ್ದ.

2011ರ ಫೈನಲ್‌ನ ಅವನ ಟ್ರೈಯನ್ನು ಯಾರ ಫೋನಿನಲ್ಲಾದರೂ ಹುಡುಕಿ ನೋಡು. ಆ ವರ್ಷ ಲೀಡ್ಸ್ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿತ್ತು, ಗೆಲ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎದುರಿಗೆ ಸೇಂಟ್ ಹೆಲೆನ್ಸ್. ಬರೋ ಚೆಂಡು ಎತ್ತಿಕೊಂಡವನೇ ತಲೆ ತಗ್ಗಿಸಿದ. ಹಿಡಿಯಲು ಬಂದವರ ಕೈ ಅವನ ಬೆನ್ನ ಮೇಲಿಂದ ಗಾಳಿಯಲ್ಲಿ ಹೋಯಿತು. ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ. ಕೊನೆಗೆ ಉಳಿದ ಫುಲ್‌ಬ್ಯಾಕ್‌ನನ್ನೂ ತಪ್ಪಿಸಿ ಗೆರೆ ದಾಟಿದ. ಎತ್ತರದವನಾಗಿದ್ದರೆ ಆ ಮೊದಲನೇ ಕೈಗೇ ಸಿಕ್ಕುತ್ತಿದ್ದ.

ನೀನು ರೈಡಿಂಗ್ ಕಲಿ. ಬಗ್ಗಿ ಓಡುವುದು, ಚೈನ್ ಹಿಡಿಯಲು ಬಂದವರ ಕೈ ಕೆಳಗೆ ನುಸುಳುವುದು. ದಿನಾ ಸಂಜೆ ಇಬ್ಬರು ಗೆಳೆಯರನ್ನು ಕೈ ಕೈ ಹಿಡಿದು ನಿಲ್ಲಿಸಿಕೊಂಡು ಅಭ್ಯಾಸ ಮಾಡು. ಬಾಟ್ಲಿ ಹಿಡಿಯುವಾಗ ಸುಮ್ನೆ ನಿಲ್ಲಬೇಡ, ಎದುರಿನ ಮೂಲೆಯವನ ಕಾಲು ನೋಡುತ್ತಿರು.

ಬರೋನ ಮುಂದಿನ ಕಥೆ ಕಷ್ಟದ್ದು, ಆದರೂ ಹೇಳಬೇಕು. 2019ರ ಕೊನೆಗೆ ಅವನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. ನರಗಳು ಸೋತು ಮೈಯೆಲ್ಲ ನಿಧಾನಕ್ಕೆ ನಿಂತುಹೋಗುವ ಕಾಯಿಲೆ. ಹಳೇ ನಾಯಕ ಸಿನ್‌ಫೀಲ್ಡ್ 2020ರಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿ ದುಡ್ಡು ಕೂಡಿಸಿದ. 2023ರ ಮೇ ತಿಂಗಳಲ್ಲಿ ಲೀಡ್ಸ್ ಮ್ಯಾರಥಾನ್ ಪೂರ್ತಿ ಬರೋನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಓಡಿದ. ಕೊನೇ ಗೆರೆ ಹತ್ತಿರ ಬಂದಾಗ ಕುರ್ಚಿಯಿಂದ ಎತ್ತಿ, ತೋಳಿನಲ್ಲಿ ಹೊತ್ತುಕೊಂಡು ದಾಟಿದ. 2024ರ ಜೂನ್ 2ರಂದು ಬರೋ ತೀರಿಕೊಂಡ. 41 ವರ್ಷ.

ಪ್ರಶ್ನೆ: ತಂಡ ಸೋತರೆ ಕೋಚ್‌ನ ತೆಗೆಯುವುದೇ ಸರಿ ಅಂತ ನಮ್ಮ ಕಾಲೇಜಿನಲ್ಲಿ ವಾದ. ನೀವೇನಂತೀರಿ?
(ಡಿಗ್ರಿ ವಿದ್ಯಾರ್ಥಿ, ಹಾಸನ)

ಉತ್ತರ: ನಾನು ಕೋಚ್ ಆಗಿದ್ದವನು, ನನ್ನನ್ನೇ ಕೇಳ್ತೀಯಲ್ಲಪ್ಪಾ! ಆದರೂ ನ್ಯಾಯವಾಗಿ ಹೇಳುತ್ತೇನೆ. ಸೋಲಿನ ಕಾರಣ ಕೋಚ್ ಆಗಿದ್ದರೆ ತೆಗೆಯಿರಿ. ಲೀಡ್ಸ್ 9ನೇ ಸ್ಥಾನಕ್ಕೆ ಕುಸಿದಾಗ ಬ್ರಯಾನ್ ಮೆಕ್‌ಡರ್ಮಟ್‌ನ ತೆಗೆಯಿರಿ ಅಂತ ಕೂಗಿದವರು ಕಡಿಮೆ ಇರಲಿಲ್ಲ. ಕ್ಲಬ್ಬು ತೆಗೆಯಲಿಲ್ಲ. ಮುಂದಿನ ವರ್ಷ ಅದೇ ಮನುಷ್ಯ ಕಪ್ಪು ತಂದುಕೊಟ್ಟ. ಹೋದ ಆಟಗಾರರಿಗೂ ಉಕ್ಕಿದ ನದಿಗೂ ಕೋಚ್ ಏನು ಮಾಡಿಯಾನು? 2018ರಲ್ಲಿ ಮತ್ತೆ ಸೋಲು ಸಾಲಾಗಿ ಬಂತು. ಆಗ ಜುಲೈನಲ್ಲಿ ಕಳಿಸಿದರು. ಆಗ ನದಿಯೂ ಉಕ್ಕಿರಲಿಲ್ಲ.

ಪ್ರೊ ಕಬಡ್ಡಿಯ ನಮ್ಮ ಬೆಂಗಳೂರು ಬುಲ್ಸ್ ನೋಡು. 2019ರ ಜನವರಿಯಲ್ಲಿ ಗುಜರಾತ್ ಮೇಲೆ 38-33ರಲ್ಲಿ ಫೈನಲ್ ಗೆದ್ದರು. 2024ರ ಸೀಸನ್‌ನಲ್ಲಿ 22 ಮ್ಯಾಚ್ ಆಡಿ ಗೆದ್ದಿದ್ದು ಎರಡೇ, ಪಟ್ಟಿಯ ಬುಡಕ್ಕೆ ಬಂದರು. ಮೊದಲ ಸೀಸನ್‌ನಿಂದ ಇದ್ದ ಕೋಚ್ ರಣಧೀರ್ ಸಿಂಗ್ ಆಮೇಲೆ ಹೋದರು, ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಬಂದರು. ಅಷ್ಟು ವರ್ಷ ಕಾದು ಬದಲಾಯಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಎರಡು ಮ್ಯಾಚು ಸೋತ ಕೂಡಲೇ ಬೋರ್ಡಿಗೆ ಅರ್ಜಿ ಬರೆಯುವುದು ಮಾತ್ರ ಹುಚ್ಚಾಟ.

ಪ್ರಶ್ನೆ: ನಮ್ಮ ಮನೆಯವರು ಆರ್‌ಸಿಬಿ, ಆರ್‌ಸಿಬಿ ಅಂತ 18 ವರ್ಷ ಕಾದರು. ಗೆದ್ದ ರಾತ್ರಿ ಟಿವಿ ಮುಂದೆ ಕೂತು ಅತ್ತುಬಿಟ್ಟರು. ನಮ್ಮ ಅತ್ತೆ ಹೆದರಿ ಬೆಲ್ಲದ ನೀರು ಕುಡಿಸಿದರು. ಇವರಿಗಿಂತ ಜಾಸ್ತಿ ಕಾದವರು ಲೋಕದಲ್ಲಿ ಇದ್ದಾರಾ?
(ಗೃಹಿಣಿ, ಅರಸೀಕೆರೆ)

ಉತ್ತರ: ಇದ್ದಾರೆ ತಾಯೀ. ಆರ್‌ಸಿಬಿ ಗೆದ್ದಿದ್ದು 2025ರ ಜೂನ್ 3ಕ್ಕೆ. ಸರಿಯಾಗಿ ನಾಲ್ಕು ದಿನ ಬಿಟ್ಟು, ಜೂನ್ 7ಕ್ಕೆ, ಇಂಗ್ಲೆಂಡಿನಲ್ಲಿ ಇನ್ನೊಂದು ಊರು ಅತ್ತಿತು. ಹಲ್ ಅಂತ ಬಂದರು ಊರು. ಮೊದಲು ಆಳ ಸಮುದ್ರದ ಮೀನಿಗೆ ಹೆಸರಾಗಿತ್ತು. ಊರ ನಡುವೆ ನದಿ. ನದಿಯ ಪೂರ್ವಕ್ಕೆ ಹಲ್ ಕೆ.ಆರ್., ಕೆಂಪು-ಬಿಳಿ ಅಂಗಿ. ಪಶ್ಚಿಮಕ್ಕೆ ಹಲ್ ಎಫ್.ಸಿ., ಕಪ್ಪು-ಬಿಳಿ. ಒಂದೇ ಊರಿನ ಎರಡು ರಗ್ಬಿ ಲೀಗ್ ತಂಡ, ಎಣ್ಣೆ-ಸೀಗೆಕಾಯಿ. 1980ರಲ್ಲಿ ಇಬ್ಬರೂ ಚಾಲೆಂಜ್ ಕಪ್‌ನ ವೆಂಬ್ಲಿ ಫೈನಲ್‌ಗೆ ಹೋದಾಗ ಊರಿಗೆ ಊರೇ ಲಂಡನ್ನಿಗೆ ಹೊರಟಿತು. ಕೊನೆಗೆ ಹೋಗುವವರು ದೀಪ ಆರಿಸಿ ಅಂತ ದಾರಿಯಲ್ಲಿ ಬೋರ್ಡು ಹಾಕಿದ್ದರಂತೆ. ಅವತ್ತು ಕೆಂಪಿನವರು 10-5ರಲ್ಲಿ ಗೆದ್ದರು.

1985ರ ನಂತರ ಹಲ್ ಕೆ.ಆರ್.ಗೆ ದೊಡ್ಡ ಕಪ್ಪೇ ಬರಲಿಲ್ಲ. ನಲವತ್ತು ವರ್ಷ! 2015ರಲ್ಲಿ ಫೈನಲ್ ತಲುಪಿ 50-0 ಹೊಡೆತ ತಿಂದವರು ಇವರೇ. 2016 ಇನ್ನೂ ಕೆಟ್ಟದ್ದು. ಆಗಸ್ಟ್‌ನಲ್ಲಿ ಆಚೆ ದಡದ ಹಲ್ ಎಫ್.ಸಿ. ಮೊಟ್ಟಮೊದಲ ಸಲ ವೆಂಬ್ಲಿಯಲ್ಲಿ ಗೆದ್ದು ಕಪ್ಪು ಮೆರೆಸಿತು. ಅಕ್ಟೋಬರ್ 1ಕ್ಕೆ ಈಚೆ ದಡದವರು ಮೇಲಿನ ದರ್ಜೆಯಲ್ಲಿ ಉಳಿಯಲು ಸ್ಯಾಲ್‌ಫರ್ಡ್ ಜೊತೆ ಆಡಬೇಕಾಯಿತು. ಸೋತವರಿಗೆ ಅಷ್ಟೊಂದು ನಷ್ಟ ಅಂತ ಆ ಪಂದ್ಯಕ್ಕೆ ಮಿಲಿಯನ್ ಪೌಂಡ್ ಗೇಮ್ ಅಂತಲೇ ಹೆಸರು. ಮನೆಯಂಗಳದಲ್ಲೇ ಆಟ. ಕೊನೇ ನಿಮಿಷಗಳವರೆಗೆ 18-10 ಮುಂದಿದ್ದರು. ಮುಗೀತು ಅನ್ನುವಷ್ಟರಲ್ಲಿ ಎದುರಿನವರು ಎರಡು ಟ್ರೈ ಹೊಡೆದು ಸಮ ಮಾಡಿದರು. ಹೆಚ್ಚುವರಿ ಆಟದಲ್ಲಿ ಯಾರು ಮೊದಲು ಅಂಕ ಗಳಿಸಿದರೆ ಅವರೇ ಗೆದ್ದಂತೆ. ಸ್ಯಾಲ್‌ಫರ್ಡ್‌ನ ಗ್ಯಾರೆತ್ ಒಬ್ರಯನ್ ದೂರದಿಂದ ಡ್ರಾಪ್ ಗೋಲ್ ಒದ್ದ. 19-18. ಹಲ್ ಕೆ.ಆರ್. ಕೆಳ ದರ್ಜೆಗೆ. ಲೀಡ್ಸ್ ಬಿಟ್ಟು ಬಂದಿದ್ದ ಪೀಕಾಕ್ ಆಗ ಇಲ್ಲೇ ಕೆಲಸದಲ್ಲಿದ್ದ. ಆ ವರ್ಷ ಆಟಗಾರರಿಗೆ ಗಾಯ ಜಾಸ್ತಿಯಾಗಿ, ಆಟ ಬಿಟ್ಟಿದ್ದವನು ಮತ್ತೆ ಬೂಟು ಕಟ್ಟಿ ಇಳಿದಿದ್ದ. ಆದರೂ ತಂಡ ಉಳಿಯಲಿಲ್ಲ.

ಒಂದೇ ವರ್ಷಕ್ಕೆ ಮೇಲೆ ಬಂದರು. 2020ರಲ್ಲಿ ಮತ್ತೆ ಕೊನೇ ಸ್ಥಾನ, ಕೋವಿಡ್ ವರ್ಷವಾದ್ದರಿಂದ ಕೆಳಗಿಳಿಸಲಿಲ್ಲ. 2023ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ಲೀ ತಂಡದ ಎದುರು 17-16ರ ಸೋಲು, ಅದೂ ಹೆಚ್ಚುವರಿ ಆಟದ ಡ್ರಾಪ್ ಗೋಲಿನಿಂದಲೇ. 2024ರ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ಎದುರು 9-2. ಕೋಚ್ ವಿಲ್ಲಿ ಪೀಟರ್ಸ್‌ನ ಯಾರೂ ಮುಟ್ಟಲಿಲ್ಲ. ತಂಡ ಮೆಟ್ಟಿಲು ಹತ್ತುತ್ತಿರುವುದು ಕಾಣುತ್ತಿತ್ತು.

2025ರ ಜೂನ್ 7ರಂದು ಚಾಲೆಂಜ್ ಕಪ್ ಫೈನಲ್‌ನಲ್ಲಿ ವಾರಿಂಗ್‌ಟನ್ ಎದುರು ಕೊನೇ ನಿಮಿಷಗಳವರೆಗೂ 6-2 ಹಿಂದಿದ್ದರು. ಆಗ ಟಾಮ್ ಡೇವಿಸ್‌ನ ಟ್ರೈ, 6-6. ಟ್ರೈ ಆದ ಮೇಲಿನ ಎರಡು ಅಂಕಕ್ಕೆ ಒದೆಯುವವನು ಮಿಕಿ ಲೂಯಿಸ್, ಅದೇ ಊರಿನ ಹುಡುಗ. ಚೆಂಡು ಇಟ್ಟಿದ್ದು ಮೈದಾನದ ಅಂಚಿನ ಕಡೆ, ಅಲ್ಲಿಂದ ಕಂಬಗಳ ನಡುವಿನ ಜಾಗ ತೀರಾ ಕಿರಿದಾಗಿ ಕಾಣುತ್ತೆ. ಒದ್ದ, ಹೋಯಿತು. 8-6. ಆಮೇಲೆ ಲೀಗ್ ಶೀಲ್ಡೂ ಬಂತು. ಅಕ್ಟೋಬರ್ 11ಕ್ಕೆ, ಇಲ್ಲಿ ನಾವು ಹಾಸನಾಂಬೆ ದರ್ಶನದ ಕ್ಯೂನಲ್ಲಿ ನಿಂತಿದ್ದ ದಿನಗಳಲ್ಲಿ, ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ಮೇಲೆ 24-6. 2015ರಲ್ಲಿ ಲೀಡ್ಸ್ ಮಾಡಿದ ಹಾಗೆ ಮೂರಕ್ಕೆ ಮೂರು.

ಆರ್‌ಸಿಬಿ ಗೆದ್ದ ಮಾರನೇ ದಿನ ಬೆಂಗಳೂರಿನಲ್ಲಿ ನೂಕುನುಗ್ಗಲಿಗೆ 11 ಜೀವ ಹೋಯಿತು. ಅದನ್ನು ನೆನೆದರೆ ಕಪ್ಪಿನ ಮಾತು ಆಡಲು ನನಗೆ ಈಗಲೂ ಬಾಯಿ ಬರಲ್ಲ. ನಿಮ್ಮವರು ಮನೆಯಲ್ಲಿ ಕೂತು ಅತ್ತರಲ್ಲ, ಒಳ್ಳೇದೇ ಆಯಿತು. ಬೆಲ್ಲದ ನೀರಿನಿಂದ ತೊಂದರೆಯೇನೂ ಇಲ್ಲ.

ಪ್ರಶ್ನೆ: ಎಲ್ಲ ಮ್ಯಾಚಿಗೂ ಸೊನ್ನೆ ಅಂಕ ಅಂತ ಗೊತ್ತಿದ್ದೂ ಸೀಸನ್ ಪೂರ್ತಿ ಆಡಿದ ತಂಡ ಇದೆಯಂತೆ. ನಿಜವಾ?
(ಬ್ಯಾಂಕ್ ನೌಕರರು, ಚನ್ನರಾಯಪಟ್ಟಣ)

ಉತ್ತರ: ನಿಜ. ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್. ಅಲ್ಲಿ ರಗ್ಬಿ ಲೀಗ್‌ನಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಇದೆ. ದುಡ್ಡಿದ್ದವರು ಎಲ್ಲ ಒಳ್ಳೆ ಆಟಗಾರರನ್ನು ಬಾಚಿಕೊಳ್ಳಬಾರದು ಅಂತ. ಇವರು ಎರಡು ಲೆಕ್ಕ ಇಟ್ಟರು. ತೋರಿಸಲು ಒಂದು, ಕೊಡಲು ಒಂದು. ಬ್ಯಾಂಕಿನವರು ನೀವು, ವಿವರಿಸಬೇಕಾಗಿಲ್ಲ. 2010ರ ಏಪ್ರಿಲ್ 22ರಂದು ಬಯಲಾಯಿತು. 2007 ಮತ್ತು 2009ರ ಚಾಂಪಿಯನ್ ಪಟ್ಟ ಕಿತ್ತುಕೊಂಡರು. ನಡೆಯುತ್ತಿದ್ದ ಸೀಸನ್‌ನ ಅಂಕಗಳೆಲ್ಲ ಸೊನ್ನೆ, ಮುಂದೆ ಗೆದ್ದರೂ ಅಂಕವಿಲ್ಲ. ಆ ವರ್ಷ 14 ಮ್ಯಾಚು ಗೆದ್ದರು, ಪಟ್ಟಿಯಲ್ಲಿ ಕೊನೇ ಸ್ಥಾನ.

ನನಗೆ ಸರಿ ಕಂಡ ಶಿಕ್ಷೆ. ಆದರೆ ಲೆಕ್ಕ ಬರೆದವರು ಆಫೀಸಿನಲ್ಲಿ, ಪ್ರತಿ ವಾರ ಮೈ ಜಜ್ಜಿಸಿಕೊಂಡವರು ಮೈದಾನದಲ್ಲಿ. ಕೋಚ್ ಕ್ರೇಗ್ ಬೆಲ್ಲಮಿ ಬಿಟ್ಟು ಹೋಗಲಿಲ್ಲ. ಸಂಬಳದ ಮಿತಿಯೊಳಗೆ ತಂಡ ತರಲು ಕೆಲವು ಒಳ್ಳೆ ಆಟಗಾರರನ್ನು ಬಿಟ್ಟುಕೊಡಬೇಕಾಯಿತು. 2012ರಲ್ಲಿ ಬುಲ್‌ಡಾಗ್ಸ್ ಮೇಲೆ 14-4ರಿಂದ ಗೆದ್ದು ಪಟ್ಟ ಪಡೆದರು. ಅದನ್ನು ಯಾರೂ ಕಿತ್ತುಕೊಂಡಿಲ್ಲ.

ಪ್ರಶ್ನೆ: ರಗ್ಬಿಯವರು ಹೆಲ್ಮೆಟ್ ಹಾಕೋದು ಯಾಕೆ?
(ಕಾಗದದಲ್ಲಿ ಊರಿನ ಹೆಸರಿಲ್ಲ)

ಉತ್ತರ: ಹಾಕಲ್ಲ. ನೀವು ನೋಡಿದ್ದು ಅಮೆರಿಕನ್ ಫುಟ್‌ಬಾಲ್.

ಪ್ರಶ್ನೆ: ಹಾಸನದಲ್ಲಿ ರಗ್ಬಿ ಲೀಗ್ ತಂಡ ಕಟ್ಟಬಹುದಾ? ನಾವು ಏಳೆಂಟು ಜನ ಹುಡುಗರು ತಯಾರಿದ್ದೇವೆ.
(ಐಟಿಐ ವಿದ್ಯಾರ್ಥಿ, ಹೊಳೆನರಸೀಪುರ)

ಉತ್ತರ: ಕಟ್ಟಿ, ಯಾರು ಬೇಡ ಅಂದರು? ಆದರೆ ಮೊದಲ ದಿನವೇ ಕೆಡವಲು ಹೋಗಬೇಡಿ. ಮಳೆ ನಿಂತ ಮೇಲೆ ನಮ್ಮ ಕಡೆಯ ಮೈದಾನ ಕಲ್ಲಾಗುತ್ತೆ, ಮಂಡಿ ಮೊಣಕೈ ಸಿಪ್ಪೆ ಏಳುತ್ತೆ. ಹುಲ್ಲು ಇರುವ ಜಾಗ ಹುಡುಕಿ. ಇಲ್ಲದಿದ್ದರೆ ಮೊದಲು ಟಚ್ ರಗ್ಬಿ ಆಡಿ. ಕೆಡವುವ ಬದಲು ಮೈ ಮುಟ್ಟಿದರೆ ಸಾಕು, ಚೆಂಡು ಹಿಡಿದವನು ಅಲ್ಲೇ ನಿಲ್ಲಬೇಕು. ಏಳೆಂಟು ಜನ ಅದಕ್ಕೆ ಧಾರಾಳ. ಓಡುತ್ತಾ ಹಿಂದಕ್ಕೆ ಪಾಸ್ ಕೊಡುವುದು ಕೈಗೆ ಕೂರಲಿ. ಮುಂದಕ್ಕೆ ಎಸೆಯುವುದೇ ನಮಗೆ ರೂಢಿ, ಅದು ಬಿಡಲು ಹೊತ್ತು ಹಿಡಿಯುತ್ತೆ. ಆಮೇಲೆ ಟ್ಯಾಕಲ್. ತಲೆ ಯಾವತ್ತೂ ಎದುರಿನವನ ಸೊಂಟದ ಪಕ್ಕಕ್ಕಿರಬೇಕು, ಮುಂದಕ್ಕಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಅವತ್ತು ಮತ್ತೆ ಇಳಿಸಬೇಡಿ, ಅವನು ಎಷ್ಟೇ ಹಟ ಮಾಡಲಿ. ಡಾಕ್ಟರಿಗೆ ತೋರಿಸಿ.

ಹದಿಮೂರು ಜನ ಆದ ದಿನ ಕಾಗದ ಹಾಕಿ. ಸೀಟಿ ಊದಲು ನಾನೇ ಬರುತ್ತೇನೆ, ಬಸ್ ಚಾರ್ಜು ನಿಮ್ಮದು.